ಹೆಸರು ಹೊಲಿದ ಕೌದಿ

ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಕೌದಿ ಹೊಲಿಯುವುದು ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಹೊಸ ವಿದ್ಯೆಯೇನಲ್ಲ. ಆದರೆ ಒಂದು ದೇಶದ ರಾಜಧಾನಿಯ ಮೈದಾನಕ್ಕೇ ಕೌದಿ ಹಾಸಿದ ಕತೆ ಓದಿದಾಗ ನಾನು ಬೆರಗಾದೆ.

ಅದು ಏಡ್ಸ್ ರೋಗದ ಕಾಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತರುಣರು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ರೋಗದ ಹೆಸರು ಹೇಳಲು ಎಷ್ಟೋ ಮನೆಯವರಿಗೆ ನಾಚಿಕೆ. ಶವ ಮುಟ್ಟಲು ಅಂತ್ಯಕ್ರಿಯೆ ನಡೆಸುವವರಲ್ಲೇ ಹಲವರು ಒಪ್ಪುತ್ತಿರಲಿಲ್ಲ. 1985ರ ನವೆಂಬರಿನಲ್ಲಿ ಒಂದು ದೀಪದ ಮೆರವಣಿಗೆ ಹೊರಟಿತು. ಕ್ಲೀವ್ ಜೋನ್ಸ್ ಎಂಬ ಕಾರ್ಯಕರ್ತರು, ತೀರಿಕೊಂಡ ನಿಮ್ಮವರ ಹೆಸರನ್ನು ರಟ್ಟಿನ ಮೇಲೆ ಬರೆಯಿರಿ ಎಂದು ಜನರನ್ನು ಕೇಳಿಕೊಂಡರು. ಆ ರಟ್ಟುಗಳನ್ನೆಲ್ಲ ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದಾಗ ಅವರ ಕಣ್ಣಿಗೆ ಅದು ತೇಪೆಯ ಕೌದಿಯಂತೆ ಕಂಡಿತು.

1987ರಲ್ಲಿ ಹೊಲಿಗೆ ಶುರುವಾಯಿತು. ಒಂದೊಂದು ತುಂಡು 3 ಅಡಿ ಅಗಲ, 6 ಅಡಿ ಉದ್ದ; ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. ತಾಯಂದಿರು, ಗೆಳೆಯರು, ಹೊಲಿಗೆಯೇ ಬಾರದವರು ಕೂಡ ಸೂಜಿ ಹಿಡಿದರು. ಸತ್ತವನ ಅಂಗಿ, ಅವನ ಪತ್ರ, ಆಡಿದ ಗೊಂಬೆ ಎಲ್ಲವೂ ಅದರಲ್ಲಿ ಸೇರಿದವು. ಅದೇ ವರ್ಷ ಅಕ್ಟೋಬರ್ 11ರಂದು ವಾಷಿಂಗ್ಟನ್ ನಗರದ ಮೈದಾನದಲ್ಲಿ 1,920 ತುಂಡುಗಳನ್ನು ಹಾಸಿ, ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಇಂದು ಅದರಲ್ಲಿ ಸುಮಾರು 50,000 ತುಂಡುಗಳಿವೆ.

ದುಃಖಕ್ಕೆ ಕೈಕೆಲಸ ಬೇಕು ಎನ್ನುವುದು ನನಗೆ ಅರ್ಥವಾದದ್ದು ಮಾತ್ರ 2021ರಲ್ಲಿ. ಆ ಮೇ ತಿಂಗಳಲ್ಲಿ ನನ್ನ ಚಿಕ್ಕಮ್ಮ ಕೊರೋನಾದಿಂದ ಹೋದಳು. ಮುಖ ನೋಡಲಿಲ್ಲ, ಅರಿಶಿನ ಕುಂಕುಮ ಹಚ್ಚಲಿಲ್ಲ, ಹಿಡಿ ಅಕ್ಕಿ ಹಾಕಲಿಲ್ಲ. ಫೋನಿನಲ್ಲಿ ಸುದ್ದಿ ಬಂತು, ಅಷ್ಟೇ. ಹದಿಮೂರನೆಯ ದಿನವೂ ಮನೆಯಲ್ಲಿ ನಾಲ್ಕೇ ಜನ. ಅಳುವುದಕ್ಕೂ ಹೆಗಲು ಬೇಕಲ್ಲವೇ? ಮರುದಿನದ ಪತ್ರಿಕೆಯಲ್ಲಿ ಅವಳು ಒಂದು ಅಂಕಿಯಾಗಿದ್ದಳು.

ಅದೇ ವರ್ಷ ಸೆಪ್ಟೆಂಬರಿನಲ್ಲಿ, ಕೌದಿ ಹಾಸಿದ್ದ ಅದೇ ವಾಷಿಂಗ್ಟನ್ ಮೈದಾನದಲ್ಲಿ ಸುಝಾನ್ ಫರ್ಸ್ಟನ್‌ಬರ್ಗ್ ಎಂಬ ಕಲಾವಿದೆ ಸಣ್ಣ ಬಿಳಿ ಬಾವುಟಗಳನ್ನು ನೆಟ್ಟರು. ಸತ್ತವರೊಬ್ಬರಿಗೆ ಒಂದು ಬಾವುಟ. ಮುಗಿಯುವ ಹೊತ್ತಿಗೆ ಅವು 7 ಲಕ್ಷ ದಾಟಿದ್ದವು. ಬಂದವರು ಬಾವುಟದ ಮೇಲೆ ತಮ್ಮವರ ಹೆಸರು, ಹೇಳದೆ ಉಳಿದ ಮಾತು ಬರೆದರು. ಬರಲಾಗದವರ ಮಾತನ್ನು ಸ್ವಯಂಸೇವಕರು ಬರೆದುಕೊಟ್ಟರು. ದೂರದಿಂದ ಬರೀ ಬಿಳುಪು. ಬಗ್ಗಿ ನೋಡಿದರೆ ಒಬ್ಬರ ಅಪ್ಪ, ಮತ್ತೊಬ್ಬರ ಅಜ್ಜಿ.

ನಮ್ಮಲ್ಲಿ ನೆನಪಿನ ರೀತಿಯೇ ಬೇರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಪ್ಲೇಗ್ ಮಾರಿಯಮ್ಮನನ್ನು ಕಂಡುಕೊಂಡರು. ಅವಳ ಗುಡಿಯಲ್ಲಿ ಇಂದಿಗೂ ದೀಪ ಉರಿಯುತ್ತದೆ. ರೋಗಕ್ಕೆ ಗುಡಿ ಉಳಿಯಿತು, ರೋಗದಲ್ಲಿ ಹೋದ ಸಾಮಾನ್ಯರ ಹೆಸರು ಉಳಿಯಲಿಲ್ಲ. ದೇವಿಯ ಮೇಲೆ ನನಗೇನೂ ದೂರಿಲ್ಲ. ಆದರೆ ಆ ಮನೆಗಳ ಸೊಸೆ, ಮಗಳು, ಬಾಣಂತಿಯರ ಹೆಸರನ್ನು ಯಾರಾದರೂ ಒಂದು ಬಟ್ಟೆಯ ಮೇಲಾದರೂ ಬರೆದಿಟ್ಟಿದ್ದರೆ ಎನಿಸುತ್ತದೆ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಗೆ, ಸಂಸತ್ತಿನ ಎದುರಿಗೇ, ಅರ್ಧ ಕಿಲೋಮೀಟರ್ ಉದ್ದದ ಗೋಡೆಯೊಂದಿದೆ. 2021ರ ಮಾರ್ಚ್ 29ರಿಂದ ಕೊರೋನಾದಲ್ಲಿ ತಮ್ಮವರನ್ನು ಕಳೆದುಕೊಂಡವರು ಅಲ್ಲಿ ಕೆಂಪು ಹೃದಯಗಳನ್ನು ಬರೆಯತೊಡಗಿದರು. ಈಗ ಅವು 2 ಲಕ್ಷಕ್ಕೂ ಹೆಚ್ಚು. ಬಿಸಿಲು ಮಳೆಗೆ ಬಣ್ಣ ಮಾಸುತ್ತದೆ, ಹೆಸರು ಅಳಿಸುತ್ತದೆ. ವಾರವಾರವೂ ಕೆಲವರು ಬಣ್ಣದ ಡಬ್ಬಿ ಹಿಡಿದು ಬರುತ್ತಾರೆ. ತಮ್ಮವರದಷ್ಟೇ ಅಲ್ಲ, ಗುರುತೇ ಇಲ್ಲದವರ ಹೆಸರನ್ನೂ ತಿದ್ದಿ ಬರೆದು ಹೋಗುತ್ತಾರೆ.