ಕೊಳೆತಿನಿ ನೀರುಜೀರುಂಡೆಗಳು: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಗುರುತಿಸುವಿಕೆ ಮತ್ತು ನೆಲೆ ದಾಖಲಾತಿಯ ಇತಿಹಾಸ

ಕೋಲಿಯಾಪ್ಟರ ಗಣದ ಹೈಡ್ರೋಫಿಲಿಡೀ ಕುಟುಂಬಕ್ಕೆ ಸೇರಿದ ಜೀರುಂಡೆಗಳು. ಪ್ರಪಂಚದಲ್ಲಿ ಇವುಗಳ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಪ್ರಭೇದಗಳು ಕೆರೆ, ಕಟ್ಟೆ, ಭತ್ತದ ಗದ್ದೆ, ನಾಲೆಯಂಚು ಮತ್ತು ಹೊಳೆಯ ಮಡುಗಳಲ್ಲಿ ಬಾಳುತ್ತವೆ. ಕೆಲವು ನೀರು ಬಿಟ್ಟು ಸಗಣಿ, ತರಗೆಲೆ, ಕೊಳೆತ ತೊಗಟೆಗಳಲ್ಲಿ ನೆಲೆಸಿವೆ. ಬೆಳೆದ ಜೀರುಂಡೆಗಳು ಕೊಳೆಯುವ ಸಸ್ಯಭಾಗ, ಪಾಚಿ, ಸತ್ತ ಜೀವಿಗಳನ್ನು ತಿಂದು ನೀರನ್ನು ಶುಚಿಗೊಳಿಸುತ್ತವೆ. ಮರಿಹುಳುಗಳು ಬೇಟೆಗಾರರು, ಸೊಳ್ಳೆಮರಿ, ಬಸವನಹುಳು ಮೊದಲಾದವನ್ನು ಹಿಡಿದು ತಿನ್ನುತ್ತವೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳಿಂದಲೂ ಹಳೆಯ ಕೆರೆಕಟ್ಟೆಗಳಿಂದಲೂ ಕೂಡಿದ್ದು, ಈ ಕುಟುಂಬದ ಅಧ್ಯಯನಕ್ಕೆ ಸಮೃದ್ಧ ಕ್ಷೇತ್ರವಾಗಿವೆ. ಇಲ್ಲಿ ಬಾಳುವ ಪ್ರಭೇದಗಳಿಗೆ ಹೆಸರು ಬಂದದ್ದು ಹೊರಗಿನ ಬಂದರು, ದ್ವೀಪ, ವಸ್ತುಸಂಗ್ರಹಾಲಯಗಳಿಂದ. ಆ ಹೆಸರುಗಳನ್ನು ಊರು, ಕೆರೆ, ಗದ್ದೆಯ ಮಟ್ಟಕ್ಕೆ ತಂದು ಕೂರಿಸುವುದೇ ದಾಖಲಾತಿಯ ಈಗಿನ ಘಟ್ಟ.

ನೆಲೆಗಳು

ನಾಲ್ಕು ತಾಲ್ಲೂಕುಗಳಲ್ಲಿ ನೀರಿನ ಸ್ವರೂಪ ಒಂದೇ ಬಗೆಯದಲ್ಲ. ಭತ್ತದ ಕಣಜವೆನಿಸಿದ ಕೆ.ಆರ್. ನಗರದಲ್ಲಿ ಕಾವೇರಿಯ ನಾಲೆಗಳು ಗದ್ದೆಬಯಲಿಗೆ ನೀರುಣಿಸುತ್ತವೆ. ಚುಂಚನಕಟ್ಟೆಯಲ್ಲಿ ನದಿ ಬಂಡೆಗಳ ಮೇಲಿಂದ ಧುಮುಕುತ್ತದೆ. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರದ ಹಿನ್ನೀರು ಕೆಳಭಾಗದಲ್ಲಿ ಹರಡಿದೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು, ಮುಸುಕಿನ ಜೋಳ, ರಾಗಿಯ ಹೊಲಗಳ ನಡುವೆ ಮಳೆನೀರಿನ ಕೆರೆಗಳಿವೆ. ಲಕ್ಷ್ಮಣತೀರ್ಥಕ್ಕೆ ಹನಗೋಡಿನಲ್ಲಿ ಅಡ್ಡಕಟ್ಟಿದ ಅಣೆಯಿಂದ ನಾಲೆಗಳು ಹೊರಟಿವೆ. ಎಚ್.ಡಿ. ಕೋಟೆಯಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವಲ್ಲದೆ ನುಗು, ತಾರಕ, ಹೆಬ್ಬಳ್ಳ ಜಲಾಶಯಗಳೂ ನಾಗರಹೊಳೆ ಕಾಡಿನ ಹಳ್ಳಗಳೂ ಇವೆ.

ಒಂದೊಂದು ನೀರಿಗೂ ಹೊಂದುವ ಜೀರುಂಡೆಗಳು ಬೇರೆ. ಗಿಡಗಂಟೆ ತುಂಬಿದ ನಿಂತ ನೀರು ದೊಡ್ಡ ಪ್ರಭೇದಗಳಿಗೆ ಹಿತ; ಮರಳು ಮತ್ತು ಕಲ್ಲಿನ ಹರಿವ ಹಳ್ಳದಲ್ಲಿ ಲ್ಯಾಕೋಬಿಯಸ್‌ನಂಥ ಸಣ್ಣ ಜಾತಿಗಳು ಸಿಗುತ್ತವೆ; ದನ, ಕಾಟಿ, ಆನೆಗಳ ಸಗಣಿಲದ್ದಿಯಲ್ಲಿ ಸರ್ಸಿಯಾನ್, ಸ್ಫೀರಿಡಿಯಮ್ ಜಾತಿಗಳನ್ನು ಹುಡುಕಬೇಕು. ಆದುದರಿಂದ ಬರಿಯ ಕೆರೆಗಳನ್ನು ಜಾಲಾಡಿದ ಸಮೀಕ್ಷೆ ಈ ಕುಟುಂಬದ ಪೂರ್ಣ ಚಿತ್ರ ಕೊಡಲಾರದು.

ಹೆಸರಿಡುವ ಕೆಲಸದ ಆರಂಭ

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಯೂರೋಪಿನ ದೊಡ್ಡ ಕಪ್ಪು ನೀರುಜೀರುಂಡೆಯನ್ನು ಡೈಟಿಸ್ಕಸ್ ಜಾತಿಯಲ್ಲೇ ಸೇರಿಸಿದ್ದ. ನೀರಿನಲ್ಲಿ ಈಜುವ ಎಲ್ಲ ಜೀರುಂಡೆಗಳೂ ಆಗ ಒಂದೇ ಗುಂಪು. ಫ್ರಾನ್ಸಿನ ಜೆಫ್ರಾಯ್ 1762ರಲ್ಲಿ ಹೈಡ್ರೋಫಿಲಸ್ ಜಾತಿಯನ್ನು ಬೇರ್ಪಡಿಸಿದ. ಲಾಟ್ರೇಲ್ 1802ರಲ್ಲಿ ಅದನ್ನು ಕುಟುಂಬದ ಮಟ್ಟಕ್ಕೆ ಏರಿಸಿದ.

ಭಾರತದ ಪ್ರಭೇದಗಳಿಗೆ ಮೊದಲು ಹೆಸರಿಟ್ಟವನು ಡೆನ್ಮಾರ್ಕಿನ ಫ್ಯಾಬ್ರೀಶಿಯಸ್. ಕಾವೇರಿಯ ಮುಖಜಭೂಮಿಯಲ್ಲಿದ್ದ ಡೇನಿಷ್ ನೆಲೆ ತರಂಗಂಬಾಡಿಯ ಪಾದ್ರಿಗಳು, ವೈದ್ಯರು ಕಳಿಸಿದ ಕೀಟಗಳು ಅವನ ಕೈಸೇರುತ್ತಿದ್ದವು. ಹೈಡ್ರೋಫಿಲಸ್ ಒಲಿವೇಸಿಯಸ್ (1781), ಇಂದು ಸ್ಟರ್ನೊಲೋಫಸ್ ರುಫಿಪಿಸ್ ಎನಿಸಿಕೊಂಡ ಪ್ರಭೇದ (1792) ಮತ್ತು ರೆಜಿಂಬಾರ್ಟಿಯ ಅಟೆನ್ಯುಯೇಟ (1801) ಅವನು ವರ್ಣಿಸಿದವು. ಕೆ.ಆರ್. ನಗರದ ಗದ್ದೆಗೆ ನೀರುಣಿಸುವ ನದಿಯ ಇನ್ನೊಂದು ತುದಿಯಿಂದ ಈ ಶಾಸ್ತ್ರ ಭಾರತದಲ್ಲಿ ಕಾಲೂರಿತು.

ಎರಡನೆಯ ಮೂಲ ಸಿಂಹಳ. ಅಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಜರ್ಮನ್ ನೀಟ್ನರ್ 1856ರಲ್ಲಿ ಸ್ಟರ್ನೊಲೋಫಸ್ ಇನ್‌ಕಾನ್‌ಸ್ಪಿಕ್ಯೂಸ್ ಅನ್ನು, ಇಂಗ್ಲೆಂಡಿನ ವಾಕರ್ 1858ರಲ್ಲಿ ಈಗಿನ ಎನೋಕ್ರಸ್ ಎಸೂರಿಯೆನ್ಸ್ ಮತ್ತು ಕೋಯ್ಲೊಸ್ಟೋಮ ಸ್ಟಲ್ಟಮ್‌ಗಳನ್ನು, ಡೇವಿಡ್ ಶಾರ್ಪ್ 1890ರಲ್ಲಿ ಹೆಲೋಕೇರಿಸ್ ಆಂಕೊರಾಲಿಸ್ ಮೊದಲಾದವನ್ನು ವರ್ಣಿಸಿದರು. ಮಾರಿಸ್ ಮ್ಯಾಂಡ್ರಾನ್ 1901ರಲ್ಲಿ ದಕ್ಷಿಣ ಭಾರತದಲ್ಲಿ ಸಂಗ್ರಹಿಸಿದ ನೀರುಜೀರುಂಡೆಗಳ ಮೇಲೆ ಫ್ರಾನ್ಸಿನ ರೆಜಿಂಬಾರ್ 1903ರಲ್ಲಿ ಲೇಖನ ಪ್ರಕಟಿಸಿದ. ಬೆಲ್ಜಿಯಮ್ಮಿನ ಆರ್ಮಾಂಡ್ ಡಿ'ಆರ್ಶಿಮಾಂಟ್ (1881–1947) ತನ್ನ ಬಾಳಿನ ಬಹುಭಾಗವನ್ನು ಈ ಕುಟುಂಬಕ್ಕೇ ಮುಡಿಪಿಟ್ಟ. ಏಷ್ಯದ ಹಲವು ಪ್ರಭೇದಗಳ ಮೂಲ ಮಾದರಿಗಳು ಅವನ ಸಂಗ್ರಹದ ಮೂಲಕ ಬ್ರಸೆಲ್ಸ್ ಸೇರಿವೆ.

ಮೈಸೂರು ಸಂಸ್ಥಾನದ ಕಾಲ

ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಪಿರಿಯಾಪಟ್ಟಣದ ಕಡೆಗೂ ಬಂದು, ಕೆರೆ, ನಾಲೆ, ಬೆಳೆಗಳನ್ನು ವಿವರವಾಗಿ ಬರೆದಿಟ್ಟ. ಅವನ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಕೀಟಗಳ ಪಟ್ಟಿ ಅವನ ಉದ್ದೇಶವಾಗಿರಲಿಲ್ಲ. ಆದರೂ ಎರಡು ಶತಮಾನಗಳ ಹಿಂದೆ ಈ ಭಾಗದ ನೀರಾವರಿ ಹೇಗಿತ್ತೆಂದು ತಿಳಿಯಲು ಅದು ಆಧಾರ.

ಸಂಸ್ಥಾನದಲ್ಲಿ ಕೀಟಶಾಸ್ತ್ರ ಸರ್ಕಾರಿ ಕೆಲಸವಾದದ್ದು ಕೆನಡದ ಲೆಸ್ಲಿ ಕೋಲ್ಮನ್ 1908ರಲ್ಲಿ ಶಿಲೀಂಧ್ರ ಮತ್ತು ಕೀಟಶಾಸ್ತ್ರಜ್ಞರಾಗಿ ಸೇರಿದ ಮೇಲೆ. ಅಡಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ ಮತ್ತು ಭತ್ತದ ಮಿಡತೆ ಆಗಿನ ತುರ್ತು ಪ್ರಶ್ನೆಗಳು. ಕೋಲ್ಮನ್ ಮತ್ತು ಅವರ ಸಹಾಯಕ ಕುಂಞಿ ಕಣ್ಣನ್ ಭತ್ತದ ಮಿಡತೆಯ ಮೇಲೆ 1911ರಲ್ಲಿ ವರದಿ ಬರೆದರು. ಅದೇ ಗದ್ದೆಯ ನೀರಿನಲ್ಲಿದ್ದ ಕೊಳೆತಿನಿ ಜೀರುಂಡೆ ಬೆಳೆಗೆ ಕೇಡು ಮಾಡುತ್ತಿರಲಿಲ್ಲ. ಅದನ್ನು ಅಧ್ಯಯನ ಮಾಡುವ ಒತ್ತಾಯವೂ ಹುಟ್ಟಲಿಲ್ಲ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪುಟಗಳ ಮಾಲೆಯಲ್ಲೂ ಹೈಡ್ರೋಫಿಲಿಡೀಗೆ ಪ್ರತ್ಯೇಕ ಸಂಪುಟ ಬರಲಿಲ್ಲ. ಕೇಡೂ ಮಾಡದ, ಬಣ್ಣದಿಂದಲೂ ಸೆಳೆಯದ ಜೀವಿ ದಾಖಲೆಯಲ್ಲಿ ಹಿಂದೆ ಬೀಳಲು ಇದೇ ಮುಖ್ಯ ಕಾರಣ.

ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ 1916ರ ಜುಲೈ 1ರಂದು ಕಲ್ಕತ್ತೆಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಅದೇ ತಿಂಗಳ 27ರಂದು ಮೈಸೂರಿನಲ್ಲಿ ಆರಂಭವಾದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಸ್ಥಾಪನೆಯಾಯಿತು. ದಕ್ಷಿಣ ಕರ್ನಾಟಕದ ಕೀಟಗಳನ್ನು ಸಂಗ್ರಹಿಸಿ, ಹೋಲಿಸಿ, ಕಾಪಾಡುವ ಕೆಲಸಕ್ಕೆ ಈ ಸಂಸ್ಥೆಗಳು ನೆಲೆ ಒದಗಿಸಿದವು.

ಗುರುತಿಸುವ ಕ್ರಮ

ಬೇಟೆಗಾರ ನೀರುಜೀರುಂಡೆಗಳಾದ ಡೈಟಿಸಿಡೀ ಕುಟುಂಬದಿಂದ ಇವುಗಳನ್ನು ಬೇರ್ಪಡಿಸುವುದು ಮೊದಲ ಹೆಜ್ಜೆ. ಡೈಟಿಸಿಡೀ ಜೀರುಂಡೆ ಹಿಂಗಾಲುಗಳೆರಡನ್ನೂ ಒಟ್ಟಿಗೆ ಬೀಸಿ ಈಜುತ್ತದೆ, ಹೊಟ್ಟೆಯ ತುದಿಯನ್ನು ಮೇಲೆತ್ತಿ ಗಾಳಿ ತೆಗೆದುಕೊಳ್ಳುತ್ತದೆ. ಕೊಳೆತಿನಿ ಜೀರುಂಡೆ ಕಾಲುಗಳನ್ನು ಒಂದಾದ ಮೇಲೊಂದು ಆಡಿಸುತ್ತದೆ, ತಲೆಯನ್ನು ಮೇಲಕ್ಕೆ ತಂದು ಕುಡಿಮೀಸೆಯಿಂದ ನೀರಿನ ಪೊರೆ ಒಡೆದು ಗಾಳಿ ಪಡೆಯುತ್ತದೆ. ಆ ಗಾಳಿ ಹೊಟ್ಟೆಯಡಿಯ ಕೂದಲಲ್ಲಿ ಬೆಳ್ಳಿಯ ಹಾಳೆಯಂತೆ ಹೊಳೆಯುತ್ತದೆ. ಕುಡಿಮೀಸೆ ಗಿಡ್ಡ, ತುದಿ ಗದೆಯಂತೆ ದಪ್ಪ. ಹಲವು ಜಾತಿಗಳಲ್ಲಿ ಬಾಯಿಯ ಬಳಿಯ ಸ್ಪರ್ಶಾಂಗಗಳೇ ಅದಕ್ಕಿಂತ ಉದ್ದ. ಇವನ್ನು ಮೀಸೆಯೆಂದು ತಿಳಿಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ಜಾತಿಯ ಮಟ್ಟದಲ್ಲಿ ಲಕ್ಷಣಗಳು ಸ್ಪಷ್ಟ. ಹೈಡ್ರೋಫಿಲಸ್ ದೊಡ್ಡದು, ಅದರ ಎದೆಯಡಿಯ ಏಣು ಹಿಂದಕ್ಕೆ ಮುಳ್ಳಿನಂತೆ ಚಾಚಿರುತ್ತದೆ. ಸ್ಟರ್ನೊಲೋಫಸ್‌ಗೂ ಏಣುಂಟು, ಗಾತ್ರ ಮಾತ್ರ ಚಿಕ್ಕದು. ಆಂಫಿಯಾಪ್ಸ್‌ನ ಒಂದೊಂದು ಕಣ್ಣೂ ಮೇಲೆ ಕೆಳಗೆ ಎರಡಾಗಿ ಸೀಳಿರುವುದರಿಂದ ನಾಲ್ಕು ಕಣ್ಣಿದ್ದಂತೆ ತೋರುತ್ತದೆ. ಬೆರೋಸಸ್‌ನ ಕಣ್ಣುಗಳು ಉಬ್ಬಿರುತ್ತವೆ. ಹೆಲೋಕೇರಿಸ್ ಹೆಣ್ಣು ಮೊಟ್ಟೆಚೀಲವನ್ನು ಹೊಟ್ಟೆಯಡಿ ಹೊತ್ತು ತಿರುಗುತ್ತದೆ. ಪ್ರಭೇದದ ಮಟ್ಟಕ್ಕಿಳಿದರೆ ಹೊರರೂಪ ಸಾಲದು. ರೆಕ್ಕೆಕವಚದ ಚುಕ್ಕೆಸಾಲು, ಎದೆಯಡಿಯ ರೋಮ ನೋಡಿದ ಮೇಲೂ ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕಾಗುತ್ತದೆ. ಛಾಯಾಚಿತ್ರ ಮಾತ್ರ ಇರುವ ದಾಖಲೆ ಬಹಳಷ್ಟು ಸಲ ಜಾತಿಯ ಮಟ್ಟದಲ್ಲೇ ನಿಲ್ಲುವುದು ಈ ಕಾರಣದಿಂದ.

ಹೈಡ್ರೋಫಿಲಸ್ ಒಲಿವೇಸಿಯಸ್, ಸ್ಟರ್ನೊಲೋಫಸ್ ರುಫಿಪಿಸ್, ರೆಜಿಂಬಾರ್ಟಿಯ ಅಟೆನ್ಯುಯೇಟ, ಬೆರೋಸಸ್ ಇಂಡಿಕಸ್ ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿ ಹರಡಿದ ಪ್ರಭೇದಗಳು. ಈ ತಾಲ್ಲೂಕುಗಳ ಕೆರೆಗದ್ದೆಗಳಲ್ಲಿ ಹುಡುಕುವವರು ಮೊದಲು ಇವುಗಳ ಲಕ್ಷಣ ತಿಳಿದಿರಬೇಕು. ರೆಜಿಂಬಾರ್ಟಿಯ ಅಟೆನ್ಯುಯೇಟ ಕಪ್ಪೆಯ ಬಾಯಿಗೆ ಬಿದ್ದರೂ ಅದರ ಕರುಳಿನ ಮೂಲಕ ಸಾಗಿ ಗುದದ್ವಾರದಿಂದ ಜೀವಂತ ಹೊರಬರುತ್ತದೆಂದು ಜಪಾನಿನ ಶಿಂಜಿ ಸುಗಿಯುರ 2020ರಲ್ಲಿ ತೋರಿಸಿದರು. ಐದಾರು ಮಿಲಿಮೀಟರನ್ನೂ ಮೀರದ ಜೀವಿಯಲ್ಲಿ ಇಂಥ ನಡವಳಿಕೆ ಅಡಗಿರುವುದು, ಇವುಗಳನ್ನು ಹೆಸರು ಹಿಡಿದು ಅರಿಯುವ ಕೆಲಸ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಮನಗಾಣಿಸುತ್ತದೆ.

ವರ್ಗೀಕರಣದ ಪರಿಷ್ಕರಣೆ

ಡೆನ್ಮಾರ್ಕಿನ ಮೈಕೇಲ್ ಹ್ಯಾನ್ಸನ್ 1991ರಲ್ಲಿ ಜಾತಿಗಳ ಪರಿಷ್ಕರಣೆಯನ್ನೂ 1999ರಲ್ಲಿ ವಿಶ್ವ ಪಟ್ಟಿಯನ್ನೂ ಹೊರತಂದು ಚದುರಿದ್ದ ಹೆಸರುಗಳನ್ನು ಒಂದು ಕಡೆ ತಂದರು. ಶಾರ್ಟ್ ಮತ್ತು ಫಿಕಾಚೆಕ್ 2013ರಲ್ಲಿ ಡಿಎನ್‌ಎ ಆಧಾರದ ಮೇಲೆ ಕುಟುಂಬವನ್ನು ಆರು ಉಪಕುಟುಂಬಗಳಾಗಿ ವಿಂಗಡಿಸಿದರು. ನಾಸೆರ್‌ಜಾದೆ ಮತ್ತು ಕೊಮಾರೆಕ್ 2017ರಲ್ಲಿ ಸ್ಟರ್ನೊಲೋಫಸ್ ಜಾತಿಯನ್ನು ಪರಿಷ್ಕರಿಸಿದರು. ಶೇಠ್, ಘಾಟೆ, ಫಿಕಾಚೆಕ್ 2020ರಲ್ಲಿ ಭಾರತ ಉಪಖಂಡದ ಕೋಯ್ಲೊಸ್ಟೋಮ ಜಾತಿಯನ್ನು ಪರಾಮರ್ಶಿಸಿ ಹೊಸ ಪ್ರಭೇದಗಳನ್ನೂ ಸೇರಿಸಿದರು. ಹಿಂದೆ ಇದೇ ಕುಟುಂಬದಲ್ಲಿ ಎಣಿಸುತ್ತಿದ್ದ ಹೈಡ್ರೀನ, ಹೈಡ್ರೋಕಸ್, ಸ್ಪರ್ಕಿಯಸ್ ಜಾತಿಗಳು ಈಗ ಬೇರೆ ಕುಟುಂಬಗಳಲ್ಲಿವೆ. ಹಳೆಯ ಪಟ್ಟಿಯ ಸಂಖ್ಯೆಯನ್ನು ಹೊಸದರೊಂದಿಗೆ ನೇರವಾಗಿ ಹೋಲಿಸಿದರೆ ಪ್ರಭೇದಗಳು ಅಳಿದುಹೋದಂತೆ ಕಾಣುವ ಅಪಾಯವಿದೆ.

ನೆಲೆ ದಾಖಲಾತಿಯ ಸಮಸ್ಯೆಗಳು

ಹಳೆಯ ಮಾದರಿಗಳ ಚೀಟಿಯಲ್ಲಿ ಊರು, ಕೆರೆಗಳ ಹೆಸರು ಸಿಗುವುದು ಅಪರೂಪ. 'ಮೈಸೂರು' ಎಂದಷ್ಟೇ ಬರೆದಿದ್ದರೆ ಅದು ನಗರವಿರಬಹುದು, ಜಿಲ್ಲೆಯಿರಬಹುದು, ಸಂಸ್ಥಾನವಿರಬಹುದು. 1956ರಿಂದ 1973ರ ನವೆಂಬರ್ 1ರವರೆಗೆ ಏಕೀಕೃತ ರಾಜ್ಯಕ್ಕೂ ಅದೇ ಹೆಸರಿತ್ತು. ಬೀದರಿನಲ್ಲಿ ಹಿಡಿದ ಜೀರುಂಡೆಯೂ ಆಗ 'ಮೈಸೂರಿನದೇ'. ಕೆ.ಆರ್. ನಗರ ಹಿಂದೆ ಎಡತೊರೆ ತಾಲ್ಲೂಕಾಗಿತ್ತು. ಈಚೆಗೆ ಅದರಿಂದ ಸಾಲಿಗ್ರಾಮವೂ ಎಚ್.ಡಿ. ಕೋಟೆಯಿಂದ ಸರಗೂರೂ ಬೇರೆ ತಾಲ್ಲೂಕುಗಳಾಗಿವೆ. ತಾಲ್ಲೂಕಿನ ಗಡಿ ಬದಲಾಗುತ್ತದೆ, ಅಕ್ಷಾಂಶ ರೇಖಾಂಶ ಬದಲಾಗುವುದಿಲ್ಲ. ಆದ್ದರಿಂದ ಎರಡನ್ನೂ ಬರೆಯಬೇಕು.

ಸಂಗ್ರಹಿಸುವ ವಿಧಾನವೂ ಫಲಿತಾಂಶವನ್ನು ಬದಲಿಸುತ್ತದೆ. ಮುಂಗಾರಿನ ಸಂಜೆ ದೀಪಕ್ಕೆ ಬಂದು ಬೀಳುವ ಜೀರುಂಡೆ ಯಾವ ಕೆರೆಯದೆಂದು ಹೇಳಲಾಗದು. ಕೈಬಲೆಯಿಂದ ನೀರಂಚು ಜಾಲಾಡಿ ತೆಗೆದದ್ದಕ್ಕೆ ನೆಲೆ ಖಚಿತ. ಒಂದೇ ಕೆರೆಯನ್ನು ಮಳೆಗಾಲ, ಚಳಿಗಾಲ, ಬೇಸಗೆಗಳಲ್ಲಿ ನೋಡಿದಾಗ ಮಾತ್ರ ನೀರು ಬತ್ತಿದ ಮೇಲೆ ಯಾವುವು ಉಳಿಯುತ್ತವೆ, ಯಾವುವು ಹಾರಿಹೋಗುತ್ತವೆ ಎಂಬುದು ತಿಳಿಯುತ್ತದೆ. ಕೀಟನಾಶಕ, ಹೂಳು, ಕಳೆ, ಒತ್ತುವರಿಗಳಿಂದ ಕೆರೆಗಳು ಬದಲಾಗುತ್ತಿರುವಾಗ ಈಗಿನ ದಾಖಲೆ ಮುಂದಿನವರ ಹೋಲಿಕೆಗೆ ಆಧಾರವಾಗುತ್ತದೆ.

ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ ಸಂಗ್ರಹಿಸಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಮಾದರಿಗಳನ್ನು ಕಾಯ್ದಿಡುವ ಭಂಡಾರಗಳನ್ನು ನೇಮಿಸಲು 2002ರ ಜೀವವೈವಿಧ್ಯ ಕಾಯ್ದೆ ಅವಕಾಶ ಕಲ್ಪಿಸಿದೆ. ಪ್ರಾಣಿ ಸರ್ವೇಕ್ಷಣ ಸಂಸ್ಥೆ ಅವುಗಳಲ್ಲೊಂದು. ಈ ತಾಲ್ಲೂಕುಗಳ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು, ಹವ್ಯಾಸಿಗಳು ಇಲ್ಲಿನ ಜೀರುಂಡೆಯನ್ನು ಗುರುತಿಸಿದಾಗ ಊರು, ಕೆರೆಯ ಹೆಸರು, ಅಕ್ಷಾಂಶ ರೇಖಾಂಶ, ದಿನಾಂಕ, ಸಂಗ್ರಹಿಸಿದ ವಿಧಾನ, ಗುರುತಿಸಿದವರ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಮಾದರಿಯನ್ನು ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಬೇಕು. ಮರುಪರೀಕ್ಷೆಗೆ ಮಾದರಿ ಉಳಿಯದ ಪಟ್ಟಿ, ಎಷ್ಟೇ ಉದ್ದವಿದ್ದರೂ, ಅರ್ಧ ದಾಖಲೆ ಮಾತ್ರ.