ಶೃಂಗೇರಿ ಮಠದ ಸರ್ವಾಧಿಕಾರಿ: ಒಂದು ತುಲನಾತ್ಮಕ ವಿವೇಚನೆ

ಮಠಗಳ ಇತಿಹಾಸವೆಂದರೆ ಗುರುಪರಂಪರೆಯ ಇತಿಹಾಸವೆಂದೇ ನಮ್ಮಲ್ಲಿ ರೂಢಿಯಾಗಿದೆ. ಪೀಠವನ್ನೇರಿದವರ ಕಾಲನಿರ್ಣಯವು ಮುಗಿದೊಡನೆ ಚರಿತ್ರಕಾರನ ಕಾರ್ಯವೂ ಮುಗಿಯಿತೆಂಬ ಭಾವನೆಯಿದೆ. ಆದರೆ ದತ್ತಿಯ ಗ್ರಾಮಗಳಿಂದ ಭತ್ತ ಅಡಕೆಗಳನ್ನು ತರಿಸಿದವರಾರು, ಲೆಕ್ಕವನ್ನು ಬರೆಯಿಸಿದವರಾರು, ಅರಮನೆಯೊಡನೆ ವ್ಯವಹರಿಸಿದವರಾರು ಎಂಬ ಪ್ರಶ್ನೆಗಳನ್ನೆತ್ತದೆ ಶೃಂಗೇರಿಯಂತಹ ಸಂಸ್ಥಾನದ ಚರಿತ್ರೆಯು ಪೂರ್ಣವಾಗಲಾರದೆಂದು ನಾವು ಭಾವಿಸುತ್ತೇವೆ.

ಕ್ರಿ. ಶ. 1346ರಲ್ಲಿ ಒಂದನೆಯ ಹರಿಹರನೂ ಅವನ ಸೋದರರೂ ಭಾರತೀತೀರ್ಥರಿಗೆ, ಅವರ ಶಿಷ್ಯರಿಗೆ ಮತ್ತು ಅಲ್ಲಿ ನೆಲಸಿದ್ದ ನಲವತ್ತು ಮಂದಿ ಬ್ರಾಹ್ಮಣರಿಗೆ ಒಂಬತ್ತು ಗ್ರಾಮಗಳನ್ನು ದತ್ತಿಯಾಗಿ ಬಿಟ್ಟರು. ಸಮಸ್ಯೆಯು ಹುಟ್ಟುವುದು ಇಲ್ಲಿಯೇ. ಸರ್ವವನ್ನೂ ತ್ಯಜಿಸಿದ ಯತಿಯು ಭೂಮಿಗೆ ಒಡೆಯನಾದನು! ದಾನವು ಗುರುವಿನ ಹೆಸರಿನಲ್ಲಿ, ವ್ಯವಹಾರವು ಇನ್ನೊಬ್ಬನ ಕೈಯಲ್ಲಿ ಎಂಬ ಏರ್ಪಾಡು ಆಶ್ರಮಧರ್ಮದಿಂದಲೇ ಅನಿವಾರ್ಯವಾಯಿತು. ಮುಂದಿನ ಕಾಲದಲ್ಲಿ ಸರ್ವಾಧಿಕಾರಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಹುದ್ದೆಯ ಮೂಲತತ್ವವು ಇದೇ. ಮಠದ ಕಡತಗಳು ಈ ವ್ಯವಹಾರಕ್ಕೆ ಸಾಕ್ಷಿ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಇವುಗಳಲ್ಲಿ ವೇದಾಂತವು ಸಿಕ್ಕದು, ಗ್ರಾಮ, ಆದಾಯ, ವೆಚ್ಚಗಳು ಸಿಕ್ಕುತ್ತವೆ. ಶಾಸನದ ಪ್ರಶಸ್ತಿಶ್ಲೋಕಗಳಿಗಿಂತ ಇವು ಚರಿತ್ರಕಾರನಿಗೆ ಹೆಚ್ಚು ಉಪಕಾರಿಗಳೆಂದರೆ ತಪ್ಪಾಗದು.

ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಸಮೀಪವಾದುದು ಆರ್ಚ್‌ಡೀಕನ್ ಎಂಬ ಹುದ್ದೆ. ಸ್ಕಾಟ್ಲೆಂಡಿನಲ್ಲಿ ಇದು ಹನ್ನೆರಡನೆಯ ಶತಮಾನದಿಂದ ಕಂಡುಬರುತ್ತದೆ. ಸೇಂಟ್ ಆಂಡ್ರೂಸ್ ಧರ್ಮಪ್ರಾಂತವು ವಿಸ್ತಾರವಾದುದರಿಂದ ಅಲ್ಲಿ ಇಬ್ಬರಿದ್ದರು. ಬಿಷಪ್ಪನ ಕಣ್ಣೆಂದು ಕರೆಯಲ್ಪಟ್ಟ ಈ ಅಧಿಕಾರಿಯು ಚರ್ಚುಗಳನ್ನು ಸಂದರ್ಶಿಸಿ ಪಾದ್ರಿಗಳ ನಡತೆಯನ್ನು ವಿಚಾರಿಸುತ್ತಿದ್ದನು. ‘ಬ್ರೂಸ್’ ಕಾವ್ಯದ ಕರ್ತೃವಾದ ಜಾನ್ ಬಾರ್ಬರನು ಅಬರ್ಡೀನಿನ ಆರ್ಚ್‌ಡೀಕನ್ ಆಗಿದ್ದನೆಂಬುದು ಸಾಹಿತ್ಯ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾದ ಸಂಗತಿ.

ಆದರೆ ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ಆರ್ಚ್‌ಡೀಕನ್ ಸ್ವತಃ ಧರ್ಮಾಧಿಕಾರಿ. ಅವನಿಗೆ ತನ್ನದೇ ವೃತ್ತಿಯೂ ನ್ಯಾಯಸ್ಥಾನವೂ ಉಂಟು. ಅವನ ಪ್ರಾಬಲ್ಯವು ಬೆಳೆದಾಗ ಬಿಷಪ್ಪರು ಅಫಿಷಿಯಲ್ ಎಂಬ ಬೇರೊಬ್ಬ ನ್ಯಾಯಾಧಿಕಾರಿಯನ್ನು ನೇಮಿಸಬೇಕಾಯಿತು. ಸರ್ವಾಧಿಕಾರಿಯಾದರೋ ಗೃಹಸ್ಥ. ಗುರುವಿನ ಅಪ್ಪಣೆಯೇ ಅವನ ಬಲ; ಪೀಠಕ್ಕೆ ಎದುರಾಗಿ ನಿಲ್ಲಬಲ್ಲ ಸ್ವತಂತ್ರ ಅಧಿಕಾರವು ಅವನ ಸ್ಥಾನಕ್ಕಿರಲಿಲ್ಲ. ಬಿಷಪ್ಪನು ಕೆಲಸವು ಹೆಚ್ಚಾದುದರಿಂದ ಸಹಾಯಕನನ್ನು ಬಯಸಿದನು, ಯತಿಯು ವ್ರತದ ಕಾರಣದಿಂದ. ಈ ಭೇದವೇ ನಮಗೆ ಮುಖ್ಯವಾಗಿ ತೋರುತ್ತದೆ.

ರಾಜ್ಯದೊಡನೆ ಮಠಕ್ಕಿದ್ದ ಸಂಬಂಧವು ಆಪತ್ಕಾಲದಲ್ಲಿ ಸ್ಪಷ್ಟವಾಗುತ್ತದೆ. 1791ರಲ್ಲಿ ಮರಾಠ ಸೈನ್ಯದವರು ಶೃಂಗೇರಿಯನ್ನು ಸೂರೆಗೊಂಡಾಗ ಟಿಪ್ಪು ಸುಲ್ತಾನನು ಸಚ್ಚಿದಾನಂದ ಭಾರತಿಗಳಿಗೆ ಕನ್ನಡದಲ್ಲಿ ಪತ್ರ ಬರೆಯಿಸಿ, ಶಾರದೆಯ ಪುನಃಪ್ರತಿಷ್ಠೆಗೆ ನಗದನ್ನೂ ಧಾನ್ಯವನ್ನೂ ಒದಗಿಸುವಂತೆ ಬಿದನೂರಿನ ಆಸಫನಿಗೆ ಆಜ್ಞಾಪಿಸಿದನು. 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಈ ಪತ್ರಗಳು ಗುರುವನ್ನೇ ಸಂಬೋಧಿಸುತ್ತವೆ. ಗೌರವವು ಪೀಠಕ್ಕೆ ಸಲ್ಲತಕ್ಕದ್ದು. ಬಂದ ಧಾನ್ಯವನ್ನು ಅಳೆದು ಉಗ್ರಾಣಕ್ಕೆ ತುಂಬುವವರ ಹೆಸರು ಅಂತಹ ಪತ್ರದಲ್ಲಿ ಬರಬೇಕಾದುದಿಲ್ಲ.

ಸ್ಕಾಟ್ಲೆಂಡಿನ ಪಾರ್ಲಿಮೆಂಟು 1560ರಲ್ಲಿ ಪೋಪನ ಅಧಿಕಾರವನ್ನು ರದ್ದುಪಡಿಸಿದ ಮೇಲೆ ಆರ್ಚ್‌ಡೀಕನ್ನನ ಹಳೆಯ ಅಧಿಕಾರವು ಕುಸಿಯಿತು. ಮೈಸೂರು ಸಂಸ್ಥಾನದಲ್ಲಿ 1955ರ ಧಾರ್ಮಿಕ ಇನಾಮು ರದ್ದಿಯಾತಿ ಕಾಯಿದೆಯು ಮುಟ್ಟಿದ್ದು ಭೂಮಿಯನ್ನು ಮಾತ್ರ. ಗ್ರಾಮಗಳ ವಸೂಲಿಯು ಕೈಬಿಟ್ಟಿತು. ಪೂಜೆ, ಪಾಠಶಾಲೆ, ಅನ್ನಸಂತರ್ಪಣೆಗಳ ಹೊಣೆಯು ಮಠದ ಆಡಳಿತಕ್ಕೆ ಉಳಿಯಿತು.