ಉಗಿಯ ಬೆಟ್ಟಕ್ಕೆ ಊರಿನ ಬಚ್ಚಲುನೀರು

ಭೂಮಿಯ ಒಡಲಿನ ಶಾಖದಿಂದ ವಿದ್ಯುತ್ ಪಡೆಯಲು ಕಲ್ಲಿದ್ದಲು ಬೇಡ, ಅಣೆಕಟ್ಟೂ ಬೇಡ ಎಂದು ನೀವು ಓದಿರುತ್ತೀರಿ. ನೀರೂ ಬೇಡವೇ? ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ 'ಗೀಸರ್ಸ್' ಕ್ಷೇತ್ರದ ಕಥೆ ಕೇಳಿ. ಹೆಸರು ಹಾಗಿದ್ದರೂ ಅಲ್ಲಿ ಚಿಮ್ಮುವ ಬಿಸಿನೀರ ಬುಗ್ಗೆಗಳಿಲ್ಲ. ಇರುವುದು ಉಗಿ ಕಾರುವ ಬಿರುಕುಗಳು.

ಇಟಲಿಯ ಲಾರ್ಡೆರೆಲ್ಲೊದಲ್ಲಿ ಪಿಯೆರೊ ಜಿನೋರಿ ಕೊಂಟಿ 1904ರಲ್ಲೇ ನೆಲದ ಉಗಿಯಿಂದ ಐದು ಬಲ್ಬುಗಳನ್ನು ಬೆಳಗಿಸಿದ್ದರು. ಗೀಸರ್ಸ್‌ನಲ್ಲಿ 11 ಮೆಗಾವಾಟ್‌ನ ಮೊದಲ ಸ್ಥಾವರ ಆರಂಭವಾದದ್ದು 1960ರಲ್ಲಿ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಅಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸ್ಥೂಲವಾಗಿ 8 ಕಿಲೋಗ್ರಾಂ ಉಗಿ ಬೇಕು. ಟರ್ಬೈನು ದಾಟಿದ ಉಗಿ ಸಾಂದ್ರಕದಲ್ಲಿ ನೀರಾಗುತ್ತದೆ. ಆ ನೀರೇ ಶೈತ್ಯಗೋಪುರಕ್ಕೆ ಹೋಗಿ ಸ್ಥಾವರವನ್ನು ತಂಪಾಗಿಡುತ್ತದೆ. ಹೊಳೆಯಿಂದ ನೀರು ತರುವ ಗೊಡವೆಯೇ ಇಲ್ಲ. ಜಾಣ ಏರ್ಪಾಡೇ ಸರಿ! ಆದರೆ ಗೋಪುರದಲ್ಲಿ ಸುಮಾರು ಮುಕ್ಕಾಲು ಪಾಲು ನೀರು ಆವಿಯಾಗಿ ಗಾಳಿ ಸೇರುತ್ತದೆ. ಅಂದರೆ ಯೂನಿಟ್ಟಿಗೆ 6 ಲೀಟರು. ಹೊಳೆಯ ಲೆಕ್ಕದಲ್ಲಿ ಕಾಣಿಸದ ಈ ಖರ್ಚು ನೆಲದೊಳಗಿನ ದಾಸ್ತಾನಿನಿಂದ ಸಂದಾಯವಾಗುತ್ತಿತ್ತು. ಮಿಕ್ಕ ನೀರನ್ನು 1969ರಿಂದ ಬಾವಿಗಳ ಮೂಲಕ ಒಳಗೆ ಬಿಡತೊಡಗಿದರಾದರೂ ಆಗಿನ ಮುಖ್ಯ ಉದ್ದೇಶ ಮರುಪೂರಣವಲ್ಲ, ಹಳ್ಳ ಕೆಡದಂತೆ ಅದನ್ನು ವಿಲೇವಾರಿ ಮಾಡುವುದು.

ಸ್ಥಾವರಗಳು ಹೆಚ್ಚಿದವು. ಒಂದೇ ಎಳನೀರಿಗೆ ಹಲವರು ಕೊಳವೆ ಹಾಕಿ ಹೀರಿದಂತಾಯಿತು. 1987ರಲ್ಲಿ ತುತ್ತತುದಿ ಮುಟ್ಟಿದ ಉತ್ಪಾದನೆ ಅನಂತರ ಕುಸಿಯಿತು. ಉಗಿಯ ಒತ್ತಡ ಇಳಿದಿತ್ತು. ಕೆಳಗಿನ ಬಂಡೆ ಮಾತ್ರ ಮೊದಲಿನಷ್ಟೇ ಕಾದಿತ್ತು. ಬತ್ತಿದ್ದು ಶಾಖವಲ್ಲ, ನೀರು. ಭೂಉಷ್ಣವನ್ನು 'ಎಂದೂ ಮುಗಿಯದ ಆಕರ' ಎಂದು ಬರೆಯುವಾಗ ನಾವು ಮರೆಯುವುದು ಇದನ್ನೇ.

ಬೇಸಿಗೆಯಲ್ಲಿ ಒಣಗುವ ಆ ನಾಡಿನಲ್ಲಿ ಸಿಹಿನೀರನ್ನು ನೆಲಕ್ಕೆ ಸುರಿಯುವಂತಿರಲಿಲ್ಲ. ಊರುಗಳಲ್ಲಿ ಬೇಡದ ನೀರಿತ್ತು! 1997ರಲ್ಲಿ ಲೇಕ್ ಕೌಂಟಿಯ ಸಂಸ್ಕರಿಸಿದ ಕೊಳಚೆ ನೀರು ಕೊಳವೆಯಲ್ಲಿ ಬೆಟ್ಟ ಹತ್ತಿತು. 2003ರ ಕೊನೆಯಲ್ಲಿ ಸುಮಾರು 65 ಕಿಲೋಮೀಟರ್ ಕೊಳವೆಯ ಮೂಲಕ ಸಾಂತಾ ರೋಸಾ ನಗರದ ನೀರೂ ಸೇರಿತು. ದಿನಕ್ಕೆ ಸುಮಾರು 4 ಕೋಟಿ ಲೀಟರಿನ ಯೋಜನೆ ಅದು. ರಷ್ಯನ್ ನದಿಗೆ ಹೋಗುತ್ತಿದ್ದ ಹೊರೆಯೂ ಇಳಿಯಿತು.

ಉತ್ಪಾದನೆಯ ಕುಸಿತ ತಗ್ಗಿತು, ಆದರೆ 1987ರ ಮಟ್ಟ ಮರಳಲಿಲ್ಲ. ನೀರನ್ನು ಬೆಟ್ಟಕ್ಕೇರಿಸಲೂ ವಿದ್ಯುತ್ ಬೇಕಲ್ಲವೇ? ಮತ್ತೊಂದು ಬೆಲೆಯೂ ಇದೆ. ತಣ್ಣೀರು ತಾಗಿದ ಬಿಸಿಬಂಡೆ ಕುಗ್ಗಿ, ಬಿರುಕುಗಳು ಜರುಗಿ ಸಣ್ಣ ಕಂಪನಗಳಾಗುತ್ತವೆ. ಹೆಚ್ಚಿನವು ಉಪಕರಣಗಳಿಗಷ್ಟೇ ತಿಳಿಯುತ್ತವೆ. ಕೆಲವು ಮಾತ್ರ ಪಕ್ಕದ ಹಳ್ಳಿಯ ಮನೆಗಳ ಕಿಟಕಿಗಳನ್ನು ಗಡಗಡಿಸುತ್ತವೆ.